ಹಡೆದಾಕಿ ಎಂಬುದಕ್ಕೆ ದಾಖಲೆ

ನಮ್ಮ ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಕುಬಸ ಮಾಡಿ ಮಗಳನ್ನು ಕರೆತಂದು, ಬಾಣಂತನ ಮುಗಿಸಿ, ಕೂಸಿನ ಸಮೇತ ಗಂಡನ ಮನೆಗೆ ಕಳಿಸುವುದು ತವರಿನ ಹೆಮ್ಮೆ. ಕೂಸು ಹುಟ್ಟಿದ್ದು ಮಾತ್ರ ತವರೂರಿನ ತಲಾಟಿಯ ಪುಸ್ತಕದಲ್ಲಿ ಉಳಿಯುತ್ತಿತ್ತು. ಆ ಪುಸ್ತಕವನ್ನು ಮುಂದೆ ಯಾರೂ ತೆರೆದು ನೋಡುತ್ತಿರಲಿಲ್ಲ.

ಭಾವ ತೀರಿಕೊಂಡ ಮೇಲೆ ಹಾನಗಲ್ಲಿನ ಮನೆಯಲ್ಲಿ ಒಬ್ಬಳೇ ಉಳಿದ ಅಕ್ಕನನ್ನು ಮಗಳು ಕೆನಡಾಕ್ಕೆ ಕರೆದಳು. ಅಪ್ಪ-ಅಮ್ಮ, ಅಜ್ಜ-ಅಜ್ಜಿಯರಿಗಾಗಿ ಆ ದೇಶ 2011ರಿಂದ ‘ಸೂಪರ್ ವೀಸಾ’ ಕೊಡುತ್ತಿದೆ. 2022ರಿಂದೀಚೆಗೆ ಅದರಲ್ಲಿ ಒಮ್ಮೆ ಹೋದರೆ ಐದು ವರ್ಷ ಇರಬಹುದು. ಮಗಳು ತನ್ನ ವರಮಾನ ತೋರಿಸಬೇಕು, ಸಾಕುತ್ತೇನೆಂದು ಪತ್ರ ಬರೆದುಕೊಡಬೇಕು, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಮಾಡಿಸಬೇಕು. ಅದೆಲ್ಲವೂ ಅಲ್ಲಿ ಸಲೀಸಾಗಿ ಮುಗಿಯಿತು. ಕೆಲಸ ನಿಂತದ್ದು ಇಲ್ಲಿ. ಇವಳೇ ಅವಳ ತಾಯಿ ಎಂಬುದಕ್ಕೆ ದಾಖಲೆ ಬೇಕಿತ್ತು.

“ನಾ ಹಡದಾಕಿ ಅನ್ನೂದಕ್ಕ ಸಾಕ್ಷಿ ಬೇಕಂತೇನೋ ತಮ್ಮಾ?” ಎಂದು ಅಕ್ಕ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಹಿರೇಕೆರೂರು ಕಡೆಯ ನಮ್ಮ ಹಳ್ಳಿಯ ಜನನ ನೋಂದಣಿಯ ನಕಲು ಕೈಗೆ ಬಂತು. ಅದರಲ್ಲಿ ಮಗುವಿನ ಹೆಸರಿಲ್ಲ, ‘ಹೆಣ್ಣು’ ಎಂದಷ್ಟೇ ಇದೆ. ತಾಯಿಯ ಹೆಸರು ತವರಿನದು. ಅಕ್ಕಿಕಾಳು ಹಾಕಿದ ದಿನವೇ ಅತ್ತೆಮನೆಯವರು ಅದನ್ನು ಬದಲಿಸಿ ಬೇರೆ ಹೆಸರಿಟ್ಟಿದ್ದರು, ಪಾಸ್‌ಪೋರ್ಟಿನಲ್ಲಿರುವುದು ಆ ಹೊಸ ಹೆಸರು. ಜಿಲ್ಲೆ ಧಾರವಾಡ ಎಂದಿದೆ, ಏಕೆಂದರೆ ಹಾವೇರಿ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಊರು ಈಗ ರಟ್ಟೀಹಳ್ಳಿ ತಾಲೂಕಿಗೆ ಸೇರಿದೆ. ಇನ್ನು ಅಕ್ಕನ ಹುಟ್ಟಿದ ದಿನ? ಅಪ್ಪ ನೌಕರಿಯಲ್ಲಿದ್ದಾಗ ಅವಳು ಓದಿದ್ದು ಶಿಗ್ಗಾವಿಯ ಶಾಲೆಯಲ್ಲಿ. ಅಲ್ಲಿನ ದಾಖಲೆಯಲ್ಲಿ ಜೂನ್ 1 ಎಂದಿದೆ. ನಮ್ಮ ತಲೆಮಾರಿನ ಎಷ್ಟೋ ಮಂದಿ ಶಾಲೆ ಶುರುವಾಗುವ ಆ ದಿನವೇ ‘ಹುಟ್ಟಿದವರು’.

ಕೊನೆಗೆ ವಂಶಾವಳಿ, ಹಳೆಯ ರೇಷನ್ ಕಾರ್ಡು, ಎರಡೂ ಹೆಸರು ಒಬ್ಬಳದೇ ಎಂಬ ಅಫಿಡವಿಟ್, ತಾಯಿಯ ಹೆಸರು ಅಚ್ಚಾಗಿದ್ದ ಮಗಳ ಪಾಸ್‌ಪೋರ್ಟು ಎಲ್ಲವನ್ನೂ ಜೋಡಿಸಿ, ಕನ್ನಡದವನ್ನು ಇಂಗ್ಲಿಷಿಗೆ ಮಾಡಿಸಿ ಕಳಿಸಿದೆವು. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು, ವೈದ್ಯಕೀಯ ತಪಾಸಣೆ ಮುಗಿಸಿ ಬಂದೆವು. ವೀಸಾ ಸಿಕ್ಕಿತು.

ವಿದೇಶದ ಅಧಿಕಾರಿಯ ಮೇಲೆ ನನಗೆ ಸಿಟ್ಟಿಲ್ಲ. ಕೇಳಬೇಕಾದದ್ದನ್ನೇ ಅವರು ಕೇಳಿದ್ದಾರೆ. ನನ್ನನ್ನು ಕಾಡಿದ್ದು ಬೇರೆ. ಭಾವನ ಕಾಗದಗಳನ್ನು ಹುಡುಕಬೇಕಾಗಿರಲಿಲ್ಲ: ಉತಾರದಲ್ಲಿ, ಬ್ಯಾಂಕಿನಲ್ಲಿ, ಮರಣಪತ್ರದಲ್ಲಿ ಒಂದೇ ಹೆಸರು, ಒಂದೇ ಊರು. ಅಕ್ಕನ ಬದುಕು ಮಾತ್ರ ಎರಡು ಮನೆಗಳ ನಡುವೆ ಹರಿದ ಹಾಳೆಯಂತೆ ಬಿದ್ದಿತ್ತು. ಜಾತಿ-ಧರ್ಮ ಯಾವುದಾದರೂ ಇದು ಹೆಚ್ಚೂಕಡಿಮೆ ಹೀಗೇ. ಸವಣೂರಿನ ಸ್ನೇಹಿತರ ಮಗಳು ದುಬೈಯಲ್ಲಿದ್ದ ಗಂಡನ ಬಳಿಗೆ ಹೊರಟಾಗ ಉರ್ದು ನಿಕಾಹ್‌ನಾಮೆಯಷ್ಟೇ ಸಾಲಲಿಲ್ಲ. ಅನುವಾದ, ವಿದೇಶಾಂಗ ಇಲಾಖೆಯ ಮುದ್ರೆ, ಅದರ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ ಎಂದು ಅಲೆದು ಆ ಹುಡುಗಿ ಹಣ್ಣಾದಳು. ಮದುವೆಗಳನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ಆದರೂ ನಮ್ಮ ಮನೆಗಳಲ್ಲಿ ಲಗ್ನಪತ್ರಿಕೆ, ಫೋಟೋ ಆಲ್ಬಂ ಇದ್ದರೆ ಸಾಕು ಎಂಬ ಭಾವನೆ ಹೋಗಿಲ್ಲ.

ಮುಂದಿನ ತಲೆಮಾರಿಗೂ ಇದು ತಪ್ಪಿದ್ದಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಬೇಕೆಂದರೆ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರ. ಅದರಲ್ಲಿನ ತಪ್ಪನ್ನು ಇನ್ನು ಶಾಲೆಯ ದಾಖಲೆ ಮುಚ್ಚುವುದಿಲ್ಲ.

ಆದ್ದರಿಂದ ಈ ವರ್ಷ ಮಗಳ ಬಾಣಂತನ ಮಾಡುತ್ತಿರುವ ತವರಿನವರಲ್ಲಿ ನನ್ನದೊಂದು ವಿನಂತಿ. ತೊಟ್ಟಿಲು ಕಟ್ಟಿ ಹೆಸರಿಟ್ಟ ಮೇಲೆ ಆ ಹೆಸರನ್ನು ಜನನ ನೋಂದಣಿಯಲ್ಲೂ ಬರೆಸಿ. ನೋಂದಣಿಯಾದ ಒಂದು ವರ್ಷದೊಳಗಾದರೆ ಶುಲ್ಕವಿಲ್ಲ, ತಡವಾದರೆ ಶುಲ್ಕ ಕಟ್ಟಿ 15 ವರ್ಷದವರೆಗೆ ಬರೆಸಬಹುದು. ತಾಯಿಯ ಹೆಸರು ಅವಳ ಆಧಾರ್ ಕಾರ್ಡಿನಲ್ಲಿ ಇದ್ದಂತೆಯೇ ಇದೆಯೇ ಎಂದು ಅಕ್ಷರ ಅಕ್ಷರ ನೋಡಿ. ಮನೆಗೆ ಬಂದ ಸೊಸೆಗೆ ದಯವಿಟ್ಟು ಹೊಸ ಹೆಸರು ಇಡಬೇಡಿ.