ಮೆಟ್ಟಿಲೇರುವ ಕುರ್ಚಿ

ಮನೆ ಕಟ್ಟಿಸುವಾಗ ಮನುಷ್ಯನಿಗೆ ತನ್ನ ಮೊಣಕಾಲುಗಳ ನೆನಪಿರುವುದಿಲ್ಲ. ಬೆಂಗಳೂರಿನ ಜಯನಗರದಲ್ಲಿ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನವನ್ನು ಪಡೆದ ಗೃಹಸ್ಥನು, ಪಕ್ಕಕ್ಕೆ ಬೆಳೆಯಲು ಎಡೆಯಿಲ್ಲದೆ ಮೇಲಕ್ಕೆ ಬೆಳೆಯುತ್ತಾನೆ. ಕೆಳಗೆ ನಡುಮನೆ, ಅಡಿಗೆಮನೆ, ದೇವರ ಕೋಣೆ. ಮೇಲೆ ಮಲಗುವ ಕೋಣೆಗಳು. ನಡುವೆ 16 ಮೆಟ್ಟಿಲು. 35ರ ಪ್ರಾಯದಲ್ಲಿ ಅವು ಲೆಕ್ಕಕ್ಕೇ ಬರುವುದಿಲ್ಲ. 75ರಲ್ಲಿ ಒಂದೊಂದು ಮೆಟ್ಟಿಲಿನ ಗುಣಸ್ವಭಾವವೂ ಬೇರೆ ಬೇರೆಯಾಗಿ ತಿಳಿದುಬರುತ್ತದೆ.

ಅಂಥದೊಂದು ಮನೆಯ ಹಿರಿಯಾಕೆಗೆ ಸಂಧಿವಾತವು ಈ ಪರಿಚಯವನ್ನು ಮಾಡಿಸಿತು. ಕೆಳಗೇ ಹಾಸಿಗೆ ಹಾಕಿಸೋಣವೆಂದು ಮಗ ಹೇಳಿದ, ಆಕೆ ಒಪ್ಪಲಿಲ್ಲ. ಮೇಲಿನ ಕೋಣೆಯ ಕಿಟಕಿಗೆ ಮುಖವಿಟ್ಟು ನಿಂತ ಸಂಪಿಗೆಯ ಮರ ಆಕೆಯೇ ನೆಟ್ಟದ್ದು. "ಹಾಗಾದರೆ ದಿನವೂ ಎತ್ತಿಕೊಂಡು ಹೋಗುತ್ತೇನೆ" ಎಂದ ಮಗನಿಗೆ, "ನಾನೇನು ಅಕ್ಕಿಯ ಮೂಟೆಯೆ?" ಎಂಬ ಉತ್ತರ ದೊರೆಯಿತು. ಕೊನೆಗೆ 2019ರಲ್ಲಿ ಮೆಟ್ಟಿಲೇರುವ ಕುರ್ಚಿ ಮನೆಗೆ ಬಂದಿತು.

ಈ ಯಂತ್ರದ ಕಲ್ಪನೆ ಹೊಸದೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಸಿ. ಸಿ. ಕ್ರಿಸ್ಪೆನ್ ಎಂಬಾತನು 1920ರ ದಶಕದಲ್ಲಿಯೇ ಇಂತಹ ಪೀಠವನ್ನು ರೂಪಿಸಿದ್ದನು. ಈಗಿನ ಕುರ್ಚಿಯ ಕಂಬಿಯನ್ನು ಸಾಮಾನ್ಯವಾಗಿ ಗೋಡೆಗಲ್ಲ, ಮೆಟ್ಟಿಲುಗಳಿಗೇ ಬಿಗಿಯುತ್ತಾರೆ. ಕಂಬಿಯ ಉದ್ದಕ್ಕೂ ಗರಗಸದಂತೆ ಹಲ್ಲುಗಳ ಸಾಲು. ಕುರ್ಚಿಯಡಿಯ ಮೋಟಾರಿನ ಹಲ್ಲುಚಕ್ರವು ಆ ಸಾಲನ್ನು ಹಿಡಿದು ಏರುತ್ತದೆ, ಹಿಡಿದೇ ಇಳಿಯುತ್ತದೆ. ಶಕ್ತಿ ಕೊಡುವವು ಒಟ್ಟುಗೂಡಿ 24 ವೋಲ್ಟ್ ಆಗುವ ಎರಡು ಬ್ಯಾಟರಿಗಳು. ಕಂಬಿಯ ಎರಡು ತುದಿಗಳಲ್ಲಿ ಅವುಗಳ ಊಟದ ತಾಣ. ಗೋಡೆಯ ಸ್ವಿಚ್ಚು ಸದಾ ಹಾಕಿದ್ದು, ಕುರ್ಚಿಯು ಯಾವುದಾದರೊಂದು ತುದಿಯಲ್ಲಿ ನಿಂತರೆ ಬ್ಯಾಟರಿ ತುಂಬುತ್ತಿರುತ್ತದೆ. ಆದುದರಿಂದಲೇ ಊರಿಗೆ ಕತ್ತಲೆ ಕವಿದಾಗಲೂ ಕುರ್ಚಿ ನಡೆಯುತ್ತದೆ.

ಆದರೆ ಆ ಮನೆಯ ಯಜಮಾನರು ನಿವೃತ್ತ ಲೆಕ್ಕಿಗರು. ರಾತ್ರಿ 10 ಗಂಟೆಗೆ ಮನೆಯನ್ನೆಲ್ಲ ಸುತ್ತಿ, ಬೇಡದ ದೀಪಗಳನ್ನು ಆರಿಸಿ ಮಲಗುವುದು ಅವರ ಐವತ್ತು ವರ್ಷಗಳ ವ್ರತ. ಎರಡು ವರ್ಷ ಕಣ್ಣಿಗೆ ಬೀಳದಿದ್ದ ಸ್ವಿಚ್ಚೊಂದು ಒಂದು ರಾತ್ರಿ ಕಪಾಟಿನ ಮರೆಯಲ್ಲಿ ಕಂಡಿತು. ಯಾರಿಗೂ ಉಪಯೋಗವಿಲ್ಲದೆ ಉರಿಯುತ್ತಿದೆಯೆಂದು ಅದನ್ನೂ ಆರಿಸಿದರು.

ಮರುದಿನದಿಂದ ಮೆಟ್ಟಿಲ ಬಳಿ ಏನೋ ಚಿಲಿಗುಟ್ಟತೊಡಗಿತು. ಜೀರುಂಡೆಯೆಂದಳು ಸೊಸೆ. ಮೊಮ್ಮಗ ಪಾದರಕ್ಷೆಗಳ ಗೂಡನ್ನೆಲ್ಲ ಕೆದಕಿದ. ಕೀಟನಾಶಕವನ್ನೂ ಸಿಂಪಡಿಸಿದ್ದಾಯಿತು. ತನಗೆ ಊಟವಿಲ್ಲವೆಂದು ಕುರ್ಚಿಯೇ ಮೊರೆಯಿಡುತ್ತಿದೆಯೆಂದು ಯಾರಿಗೂ ಹೊಳೆಯಲಿಲ್ಲ. ನಾಲ್ಕನೆಯ ದಿನ ರಾತ್ರಿ ಹಿರಿಯಾಕೆಯನ್ನು ಹೊತ್ತು ಹೊರಟ ಕುರ್ಚಿ 11ನೆಯ ಮೆಟ್ಟಿಲಿನಲ್ಲಿ ನಿಂತುಬಿಟ್ಟಿತು.

ಮಗ ಎತ್ತಿಕೊಳ್ಳಲು ಮುಂದಾದ. ಆಕೆ ಸೊಂಟದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡು, "ಕಾಫಿ ಇಲ್ಲಿಗೇ ಬರಲಿ" ಎಂದರು. ಗಾಬರಿಯನ್ನು ಮುಚ್ಚಿಡಲು ಆಕೆಗೆ ಆ ಕಾಫಿಯೊಂದೇ ಆಸರೆಯಾಗಿತ್ತು; ಲೋಟ ಹಿಡಿದ ಕೈ ನಡುಗುತ್ತಿದ್ದುದನ್ನು ಎರಡು ಮೆಟ್ಟಿಲು ಕೆಳಗೆ ನಿಂತ ಯಜಮಾನರು ಕಂಡರು. ಅಷ್ಟು ಹೊತ್ತಿಗೆ ತಾವು ಆರಿಸಿದ ಸ್ವಿಚ್ಚು ಯಾವುದೆಂದು ಅವರಿಗೆ ಅರ್ಥವಾಗಿತ್ತು. ಈಗ ಹಾಕಿದರೂ ಫಲವಿಲ್ಲ. ಊಟದ ತಾಣ ತುದಿಗಳಲ್ಲಿ, ಕುರ್ಚಿ ನಡುದಾರಿಯಲ್ಲಿ.

ದೂರವಾಣಿಯಲ್ಲಿ ಮೆಕ್ಯಾನಿಕ್ ದಾರಿ ತೋರಿದ. ಕೆಲವು ಮಾದರಿಗಳಿಗೆ ಕೈಯಿಂದ ತಿರುಗಿಸುವ ಹಿಡಿಯಿರುತ್ತದೆ. ಈ ಮನೆಯದು, ಬಂದ ದಿನದ ಚೀಲದಲ್ಲಿಯೇ, ಸೂಚನಾ ಪುಸ್ತಕದೊಡನೆ ಹಾಗೆಯೇ ಕುಳಿತಿತ್ತು. ಕುರ್ಚಿಯ ಕೀಲಿಯನ್ನು ಆರಿಸಿ, ಮೊಮ್ಮಗ ಹಿಡಿಯನ್ನು ತಿರುಗಿಸಿದ. ಬೆರಳಗಲ ಬೆರಳಗಲವಾಗಿ ಕುರ್ಚಿ ಇಳಿಯಿತು. ಅದರ ಮುಂದೆ, ಹಿಮ್ಮೊಗವಾಗಿ, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿಕೊಂಡು, ಎರಡು ಕೈಗಳನ್ನೂ ಚಾಚಿ ಯಜಮಾನರು ಇಳಿದರು. ಅವರ ಕೈಯಿಂದ ಏನೂ ಆಗುವಂತಿರಲಿಲ್ಲ, ಆದರೂ ಚಾಚಿದ್ದರು. ಕೆಳಗೆ ತಲುಪಿದ ಮೇಲೆ ಆಕೆ ಬೈಯಲಿಲ್ಲ. "ಇನ್ನು ಆ ಸ್ವಿಚ್ಚು ಹಾಕಿ" ಎಂದಷ್ಟೇ ಹೇಳಿದರು.

ಮರುದಿನ ಬಂದ ಮೆಕ್ಯಾನಿಕ್ ಎರಡು ಬ್ಯಾಟರಿಗಳನ್ನೂ ಬದಲಾಯಿಸಿದ. ಚೆನ್ನಾಗಿ ನೋಡಿಕೊಂಡರೆ ಮೂರರಿಂದ ಐದು ವರ್ಷ ಬಾಳುವ ವಸ್ತು. ಪೂರ್ತಿ ಬರಿದಾಗಲು ಬಿಟ್ಟರೆ ಮತ್ತೆ ಮೊದಲಿನ ಕಸುವು ಬರದು. ಆಮೇಲೆ ಅವನು ಕಂಬಿಯ ಹಲ್ಲುಗಳಿಂದ ಹೂಮಾಲೆಯ ದಾರ, ಒಣಗಿದ ಸೇವಂತಿಗೆ ಎಸಳು, ಕುಂಕುಮ ಕಲಸಿದ ಜಿಡ್ಡು ಇವುಗಳನ್ನು ಹೊರತೆಗೆದ. ಆಯುಧಪೂಜೆಯ ದಿನ ಮನೆಯವರು ಕುರ್ಚಿಗೆ ಮಾಡಿದ ಮರ್ಯಾದೆ ಅದು! ಬಾಗಿಲಿನ ತಿರುಗಣಿಗೆ ಹಾಕುವ ಕೊಬ್ಬರಿಯೆಣ್ಣೆಯೂ ಒಂದಿಷ್ಟು ಅಲ್ಲಿಗೆ ಬಿದ್ದಿತ್ತು. ಧೂಳನ್ನೆಲ್ಲ ಸೆಳೆದು ಅಂಟಾಗಿತ್ತು. ತಯಾರಕರು ಹೇಳಿದ ಗ್ರೀಸನ್ನು, ಹೇಳಿದಷ್ಟೇ, ತೆಳುವಾಗಿ ಸವರಬೇಕಂತೆ.

ಅವನು ಹೇಳಿದ್ದನ್ನೆಲ್ಲ ಯಜಮಾನರು ತಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು. ವಾರಕ್ಕೊಮ್ಮೆ ಒಣಬಟ್ಟೆಯಿಂದ ಕಂಬಿಯನ್ನು ಒರೆಸುವುದು. ಯಾರೂ ಕುಳಿತಿಲ್ಲದಾಗ ಕುರ್ಚಿಯನ್ನು ಓಡಿಸಿ, ಕಾಲುಮಣೆಯ ಅಂಚನ್ನು ಒತ್ತಿ ನೋಡುವುದು. ಏನಾದರೂ ತಗುಲಿದರೆ ಅದು ತಟ್ಟನೆ ನಿಲ್ಲಬೇಕು. ಗುಂಡಿಯಿಂದ ಬೆರಳು ತೆಗೆದೊಡನೆಯೂ ನಿಲ್ಲಬೇಕು. ಮೇಲೆ ತಲುಪಿದಾಗ ಪೀಠವು ಮೆಟ್ಟಿಲಿಗೆ ಬೆನ್ನುಮಾಡಿ ತಿರುಗಿ, ಕಟಕ್ಕೆಂದು ಕೂರಬೇಕು. ಪಟ್ಟಿಯ ಕೊಂಡಿ ಸಡಿಲವಾಗಿರಬಾರದು. ಮುಚ್ಚಳ ಬಿಚ್ಚುವುದು ಮಾತ್ರ ಮನೆಯವರ ಕೆಲಸವಲ್ಲ. ಅದಕ್ಕೆ ವರ್ಷಕ್ಕೊಮ್ಮೆಯಾದರೂ ಬಲ್ಲವನನ್ನು ಕರೆಸಬೇಕು. ಚಿಲಿಗುಟ್ಟಿದರೆ ಜೀರುಂಡೆಯನ್ನು ಹುಡುಕಬಾರದು.

ಈಗ ಶುಕ್ರವಾರಗಳಲ್ಲಿ ಕಂಬಿ ಒರೆಸುವವರು ಯಜಮಾನರೇ. ಸೊಸೆಗೂ ಮೊಮ್ಮಗನಿಗೂ ಆ ಬಟ್ಟೆಯನ್ನು ಮುಟ್ಟುವ ಅಧಿಕಾರವಿಲ್ಲ. ಆಯುಧಪೂಜೆಗೆ ಕುರ್ಚಿಯ ಬೆನ್ನಿಗೊಂದು ಕುಂಕುಮದ ಬೊಟ್ಟು ಮಾತ್ರ, ಮಾಲೆ ದೇವರಿಗೆ.

ರಾತ್ರಿ 10 ಗಂಟೆಗೆ ಮನೆ ಸುತ್ತುವ ವ್ರತವೂ ತಪ್ಪಿಲ್ಲ. ನಡುಮನೆಯ ದೀಪ, ಅಡಿಗೆಮನೆಯ ದೀಪ, ಅಂಗಳದ ದೀಪ ಒಂದೊಂದಾಗಿ ಆರುತ್ತವೆ. ಕೊನೆಗೆ ಅವರು ಕುರ್ಚಿಯ ತಾಣದ ಬಳಿಗೆ ಬಂದು, ಕನ್ನಡಕ ಸರಿಪಡಿಸಿಕೊಂಡು, ಅಲ್ಲಿಯ ಸಾಸಿವೆಕಾಳಿನಷ್ಟು ಹಸಿರು ಬೆಳಕು ಇದೆಯೇ ಎಂದು ನೋಡುತ್ತಾರೆ. ಇದ್ದರೆ ತೃಪ್ತಿಯಿಂದ ತಲೆಯಾಡಿಸಿ, ಕಟಕಟೆಯನ್ನು ಹಿಡಿದು, ತಮ್ಮ ಕಾಲುಗಳ ಮೇಲೆಯೇ ನಿಧಾನವಾಗಿ 16 ಮೆಟ್ಟಿಲು ಹತ್ತುತ್ತಾರೆ.