ಪಿನ್ನಿಗೊಂದು ಕಾವಲು

ಕೆಟ್ಟ ಎಂಜಿನ್ ಬಿಚ್ಚಿ ಸರಿ ಮಾಡುವವರು ಎಲ್ಲ ಊರಲ್ಲೂ ಇದ್ದಾರೆ. ಚೆನ್ನಾಗಿ ಓಡುತ್ತಿರುವ ಎಂಜಿನ್ನನ್ನು, ಅದು ಹಾಗೇ ಓಡುತ್ತಿರಲಿ ಎಂದು ಬಿಚ್ಚುವ ಕೆಲಸ ನನಗೆ ಪ್ರಿಯ. ಡೆಟ್ರಾಯಿಟ್ ಸುತ್ತಮುತ್ತಲಿನಲ್ಲಿ, ಆಗಾಗ ಚಿಕಾಗೋ ಕಡೆಗೂ ಹೋಗಿ, ಹಳೆಯ ಡಾಡ್ಜ್ ಟ್ರಕ್ಕುಗಳ ಎಂಜಿನ್ನಿನ ಮುಂಭಾಗ ತೆಗೆದು, ಒಳಗೆ ಒಂದು ಉಕ್ಕಿನ ಪಟ್ಟಿ ಬಿಗಿದು, ಮತ್ತೆ ಮುಚ್ಚಿ ಬರುತ್ತೇನೆ. ಮುಚ್ಚಿದ ಮೇಲೆ ಟ್ರಕ್ಕು ಮೊದಲಿದ್ದ ಹಾಗೇ ಇರುತ್ತದೆ. ಸದ್ದು ಬದಲಾಗುವುದಿಲ್ಲ, ಮೈಲೇಜು ಏರುವುದಿಲ್ಲ, ಎಳೆತ ಹೆಚ್ಚುವುದಿಲ್ಲ. ಆದರೂ ಒಂದು ಶನಿವಾರವನ್ನು ಇದಕ್ಕೆ ಕೊಟ್ಟರೆ ಮುಂದಿನ ವಾರವೆಲ್ಲ ಮನಸ್ಸು ಹಗುರವಾಗಿರುತ್ತದೆ.

ಎಂಜಿನ್ನಿನ ಹೆಸರು ಕಮಿನ್ಸ್ ಬಿ ಸರಣಿ. 5.9 ಲೀಟರ್, ಒಂದೇ ಸಾಲಿನ ಆರು ಸಿಲಿಂಡರ್, ತೂಕ ಹತ್ತಿರ ಹತ್ತಿರ ಅರ್ಧ ಟನ್ನು. ಇಂಡಿಯಾನಾದ ಕೊಲಂಬಸ್ ಊರಿನಲ್ಲಿ 1919ರಲ್ಲಿ ಕ್ಲೆಸ್ಸಿ ಕಮಿನ್ಸ್ ಶುರು ಮಾಡಿದ ಕಂಪನಿ, ಟ್ರ್ಯಾಕ್ಟರ್ ಮಾಡುವ ಕೇಸ್ ಕಂಪನಿಯ ಜತೆ ಸೇರಿ ಇದನ್ನು ರೂಪಿಸಿತು. ಕೇಸ್ ಕಂಪನಿಯ ಊರು ರಸೀನ್, ಚಿಕಾಗೋದಿಂದ ಮಿಷಿಗನ್ ಸರೋವರದ ದಂಡೆ ಹಿಡಿದು ಉತ್ತರಕ್ಕೆ ಹೋದರೆ ಸಿಗುತ್ತದೆ. ಡಾಡ್ಜ್ ಪಿಕಪ್ಪುಗಳಿಗೆ ಈ ಎಂಜಿನ್ ಬಂದದ್ದು 1989ರ ಮಾಡೆಲಿನಲ್ಲಿ. ಆಗ 160 ಅಶ್ವಶಕ್ತಿ, 400 ಪೌಂಡ್-ಅಡಿ ಟಾರ್ಕು. ನಮ್ಮ ದೇಶಕ್ಕೂ ಇದು ಪರಕೀಯವಲ್ಲ. 1993ರಲ್ಲಿ ಹುಟ್ಟಿದ ಟಾಟಾ ಕಮಿನ್ಸ್ ಕಂಪನಿ ಜಮ್‌ಷೆಡ್‌ಪುರದಲ್ಲಿ ಇದೇ ಬಿ ಸರಣಿಯ ಎಂಜಿನ್ ಮಾಡಿ ಟಾಟಾ ಲಾರಿಗಳಿಗೆ ಕೊಟ್ಟಿತು. ಪುಣೆ-ಬೆಂಗಳೂರು (ಪಿ.ಬಿ.) ರೋಡಿನಲ್ಲಿ ಮೆಕ್ಕೆಜೋಳದ ಲೋಡು ಹೊತ್ತು ಹೋಗುವ ಲಾರಿಯ ಗುಡುಗನ್ನೂ ಮಿಷಿಗನ್ನಿನ ಹಿಮದಲ್ಲಿ ಟ್ರೇಲರ್ ಎಳೆಯುವ ಪಿಕಪ್ಪಿನ ಗುಡುಗನ್ನೂ ಕಣ್ಣು ಮುಚ್ಚಿ ಕೇಳಿದರೆ ಇವು ಒಂದೇ ಮನೆತನದವು ಎಂದು ನನ್ನ ಕಿವಿ ಹೇಳುತ್ತದೆ.

ಇದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನೂ ಇಲ್ಲ. ಎಲ್ಲ ಗೇರು. ಕ್ರ್ಯಾಂಕಿನ ಗೇರು ಕ್ಯಾಮ್ ಗೇರನ್ನು ತಿರುಗಿಸುತ್ತದೆ. ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಕ್ಯಾಮಿನಿಂದ ಡೀಸೆಲ್ ಪಂಪಿನ ಗೇರಿಗೆ ಚಾಲನೆ. ಈ ಗೇರುಗಳನ್ನು ಮುಚ್ಚಿಟ್ಟಿರುವ ಡಬ್ಬಿ ಅಲ್ಯೂಮಿನಿಯಂ ಎರಕದ್ದು, ಅದರ ಹಿಂದಿನ ಬ್ಲಾಕು ಬೀಡುಕಬ್ಬಿಣದ್ದು. ಜೋಡಿಸುವಾಗ ಡಬ್ಬಿ ಕೂದಲೆಳೆಯಷ್ಟೂ ಆಚೀಚೆ ಆಗಬಾರದು ಎಂದು ಡೋವೆಲ್ ಪಿನ್ ಎಂಬ ಸಣ್ಣ ಗೂಟ ಇಟ್ಟು ಕೂರಿಸುತ್ತಾರೆ. ಬೋಲ್ಟುಗಳೆಲ್ಲ ಬಿಗಿಯಾದ ಮೇಲೆ ಆ ಪಿನ್ನಿಗೆ ಹೆಚ್ಚಿನ ಕೆಲಸವಿಲ್ಲ. ಚಪ್ಪರ ಏಳುವ ತನಕ ಕಂಬ ಹಿಡಿದು ನಿಂತವನ ಹಾಗೆ ಅದರ ಪಾತ್ರ ಅಲ್ಲಿಗೆ ಮುಗಿಯಿತು. ಆದರೆ ಅದು ಹೋಗುವುದೆಲ್ಲಿಗೆ? ಅಲ್ಲೇ ಇರುತ್ತದೆ, ಕ್ಯಾಮ್ ಗೇರಿನ ಪಕ್ಕದಲ್ಲೇ, ತೂತಿನ ಬಿಗುವೊಂದನ್ನೇ ನಂಬಿಕೊಂಡು. ಮುಂದುಗಡೆ ತಡೆಯಿಲ್ಲ.

ಅಲ್ಯೂಮಿನಿಯಂ ಶಾಖಕ್ಕೆ ಬೀಡುಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಇಲ್ಲಿಯ ಜನವರಿಯಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗಿರುವ ಮುಂಜಾನೆ ಎಂಜಿನ್ ಎದ್ದು, ಸ್ವಲ್ಪ ಹೊತ್ತಿನಲ್ಲಿ ನೀರು ಕುದಿಯುವ ಶಾಖದ ಹತ್ತಿರಕ್ಕೆ ಬರುತ್ತದೆ. ಸಂಜೆ ಮತ್ತೆ ತಣ್ಣಗೆ. ವರ್ಷಗಟ್ಟಲೆ ಹೀಗೆ ಹಿಗ್ಗಿ ಕುಗ್ಗಿ, ಮೇಲೆ ಡೀಸೆಲ್ಲಿನ ನಡುಕವೂ ಸೇರಿ, ಕೆಲವು ಎಂಜಿನ್ನುಗಳಲ್ಲಿ ಪಿನ್ ಒಂದೊಂದೇ ಎಳೆ ಹೊರಗೆ ಸರಿಯುತ್ತದೆ. ಸರಿದದ್ದು ಒಂದು ದಿನ ಬೀಳುತ್ತದೆ. ಪುಣ್ಯವಿದ್ದರೆ ಆಯಿಲ್ ಪ್ಯಾನಿಗೆ ಇಳಿದು ಸುಮ್ಮನೆ ಮಲಗುತ್ತದೆ. ಇಲ್ಲದಿದ್ದರೆ ತಿರುಗುವ ಗೇರಿನ ಹಲ್ಲಿಗೂ ಡಬ್ಬಿಯ ಗೋಡೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಡಬ್ಬಿ ಬಿರಿದು ಆಯಿಲ್ ಸುರಿದರೆ ಅದು ಸಣ್ಣ ಪೆಟ್ಟು. ಗೇರಿನ ಹಲ್ಲು ಮುರಿದು ವಾಲ್ವಿನ ತಾಳ ತಪ್ಪಿದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ಆಮೇಲೆ ಎಂಜಿನ್ ಇಳಿಸುವುದೇ. ಮೊದಲೇ ಎಚ್ಚರಿಸುವ ದೀಪವಿಲ್ಲ, ಸದ್ದಿಲ್ಲ. ಇಲ್ಲಿಯ ಟ್ರಕ್ಕಿನವರು ಇದನ್ನು ಕಿಲ್ಲರ್ ಡೋವೆಲ್ ಪಿನ್ ಎಂದೇ ಕರೆಯುತ್ತಾರೆ. 1998ರ ತನಕದ ಹನ್ನೆರಡು ವಾಲ್ವಿನ ಎಂಜಿನ್ನುಗಳ ವಿಷಯದಲ್ಲಿ ಈ ಮಾತು ಹೆಚ್ಚು, ಅದರ ನಂತರ ಬಂದ ಇಪ್ಪತ್ನಾಲ್ಕು ವಾಲ್ವಿನ ಮೊದಲ ಕೆಲವು ವರ್ಷದವುಗಳಲ್ಲೂ ಉಂಟು. ಬಿದ್ದೇ ಬೀಳುತ್ತದೆ ಎಂದಲ್ಲ. ಲಕ್ಷಗಟ್ಟಲೆ ಮೈಲಿ ಓಡಿದರೂ ಕದಲದೆ ಕೂತ ಪಿನ್ನುಗಳನ್ನು ನಾನೇ ನೋಡಿದ್ದೇನೆ.

ಕಾವಲು ಹಾಕುವುದಕ್ಕೆ ಎರಡು ದಾರಿ. ಒಂದು, ತೂತಿನ ಅಂಚಿನ ಲೋಹಕ್ಕೆ ಪಂಚ್ ಇಟ್ಟು ಹೊಡೆದು, ಬಾಯಿ ಕಿರಿದು ಮಾಡುವುದು. ದಾವಣಗೆರೆಯಲ್ಲಿ ಹುಡುಗನಾಗಿದ್ದಾಗ ಶಾಲೆ ಬಿಟ್ಟ ಮೇಲೆ ನಾನು ಹೋಗಿ ನಿಲ್ಲುತ್ತಿದ್ದ ಲಾರಿ ಗ್ಯಾರೇಜಿನ ಮೇಸ್ತ್ರಿ, ಸಡಿಲವಾಗಬಾರದ ಯಾವುದಕ್ಕೇ ಆದರೂ ಹೀಗೆ ಮೂರು ಪೆಟ್ಟು ಹಾಕಿಬಿಡುತ್ತಿದ್ದರು. "ತಮ್ಮಾ, ಬಿಗಿ ಮಾಡಿದ್ದು ಸಾಲಂಗಿಲ್ಲ, ಬಿಚ್ಚಲಾರದಂಗ ಮಾಡಬೇಕು" ಎನ್ನುವರು. ಅವರ ಮೇಲೆ ನನಗೆ ಬಹಳ ಗೌರವ. ಆದರೂ ಮೆತ್ತಗಿನ ಅಲ್ಯೂಮಿನಿಯಂ ಅಂಚನ್ನು ನಾನು ಪೂರ್ತಿ ನಂಬಲಾರೆ. ನನ್ನ ಒಲವು ಎರಡನೆಯ ದಾರಿಗೆ: ಪಿನ್ನಿನ ಪಕ್ಕದ ಬೋಲ್ಟು ತೆಗೆದು, ಅದರಡಿಗೆ ಒಂದು ಉಕ್ಕಿನ ಪಟ್ಟಿ ಸೇರಿಸಿ, ಪಟ್ಟಿಯ ತುದಿ ಪಿನ್ನಿನ ಬಾಯಿಗೆ ಅಡ್ಡ ಬರುವಂತೆ ಬಿಗಿಯುವುದು.

ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ನಾನು ಮನೆಯಲ್ಲೇ ಮಾಡಿಕೊಳ್ಳುತ್ತೇನೆ, ಏಕೆಂದರೆ ಇಡೀ ಕೆಲಸದಲ್ಲಿ ರುಚಿ ಇರುವುದು ಅಲ್ಲೇ. ಉಕ್ಕಿನ ಪಟ್ಟೆಯ ತುಂಡು ಕೊಯ್ದು, ಬೋಲ್ಟಿನ ಅಳತೆಗೆ ತೂತು ಕೊರೆದು, ವೈಸಿಗೆ ಕಚ್ಚಿಸಿ ಅರ ಹಾಕುವುದು. ಮೊದಲು ಒರಟು ಅರ, ಆಮೇಲೆ ನಯದ್ದು. ಮೂಲೆಗಳು ದುಂಡಗಾಗಬೇಕು. ತೂತಿನ ಅಂಚಿನ ಮುಳ್ಳು ಹೋಗಬೇಕು, ಅದು ಉಳಿದರೆ ಪಟ್ಟಿ ಸಮವಾಗಿ ಕೂರದು. ಹೆಬ್ಬೆರಳು ಸವರಿದರೆ ಎಲ್ಲೂ ತಡೆಯಬಾರದು. ಗೇರಿಗೆ ತಗಲದಷ್ಟು ಕಿರಿದು, ಪಿನ್ನನ್ನು ಮುಚ್ಚುವಷ್ಟು ಅಗಲ. ಕೂರಿಸಿದ ಮೇಲೆ ಎಂಜಿನ್ನನ್ನು ಕೈಯಲ್ಲೇ ಸುತ್ತಿಸಿ, ಟಾರ್ಚು ಹಿಡಿದು, ಗೇರಿನ ಪ್ರತಿ ಹಲ್ಲೂ ಪಟ್ಟಿಯನ್ನು ಮುಟ್ಟದೆ ದಾಟುವುದನ್ನು ನೋಡುತ್ತೇನೆ. ಅಷ್ಟು ಹತ್ತಿರದಿಂದ ಆ ಓರೆ ಹಲ್ಲುಗಳು ಒಂದರೊಳಗೊಂದು ಜಾರುವುದನ್ನು ನೋಡುವುದಕ್ಕೇ ಶನಿವಾರ ಕೊಡಬಹುದು.

ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ 2008ರಲ್ಲಿ ಚಿಕಾಗೋದಲ್ಲಿ ನಡೆಸಿದ ಸಮ್ಮೇಳನದಲ್ಲಿ ಪರಿಚಯವಾದ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಚಿಕಾಗೋ ಪಕ್ಕದ ಅರೋರಾದಲ್ಲಿದ್ದಾರೆ. ಕನ್ನಡ ಕೂಟದ ರಂಗಸಜ್ಜಿಕೆ, ಪಾತ್ರೆ ಪರಡಿ ಎಲ್ಲ ಸಾಗುವುದು ಅವರ ಹನ್ನೆರಡು ವಾಲ್ವಿನ ಟ್ರಕ್ಕಿನಲ್ಲಿ. ಐ-94 ಹಿಡಿದು ಕಳೆದ ಮೇ ತಿಂಗಳಲ್ಲಿ ಅಲ್ಲಿಗೆ ಹೋದೆ. "ಏನೂ ಆಗಿಲ್ಲ ಮಾರಾಯ್ರೆ, ಸುಮ್ಮನೆ ಯಾಕೆ ಬಿಚ್ಚೋದು?" ಎಂದರು. "ಆಗಬಾರದು ಅಂತಲೇ ಬಿಚ್ಚೋದು, ರಾಯರೆ" ಎಂದೆ. ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪು ಇಲ್ಲಿಯ ಟ್ರಕ್ಕುಗಳ ಮೈಯನ್ನು ತಿಂದುಬಿಡುತ್ತದೆ. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿ ಇದೆ! ರಾಯರ ಟ್ರಕ್ಕಿನ ಬಾಗಿಲ ಕೆಳಗೂ ತುಕ್ಕು ಹಿಡಿದಿತ್ತು. ಎಂಜಿನ್ ಮಾತ್ರ ಗಟ್ಟಿ.

ಫ್ಯಾನು, ಬೆಲ್ಟು, ಕ್ರ್ಯಾಂಕಿನ ಮುಂದಿನ ಡ್ಯಾಂಪರು ತೆಗೆದು ಗೇರು ಡಬ್ಬಿಯ ಮುಂದಿನ ಕವರ್ ಬಿಚ್ಚಿದೆವು. ಪಿನ್ ತನ್ನ ಜಾಗದಲ್ಲೇ ಇತ್ತು, ಅಂಚಿಗೆ ಸಮವಾಗಿ. ರಾಯರು ಕನ್ನಡಕ ಏರಿಸಿ ಬಗ್ಗಿ ನೋಡಿ, "ಇಷ್ಟೇನಾ?" ಎಂದರು. ಇಷ್ಟೇ. ಪಟ್ಟಿ ಕೂರಿಸಿ, ಬೋಲ್ಟಿನ ಎಳೆ ಸ್ವಚ್ಛ ಮಾಡಿ ಲಾಕ್‌ಟೈಟ್ ಅಂಟು ಹನಿಸಿ ಬಿಗಿದೆ. ಡಬ್ಬಿಯ ಉಳಿದ ಬೋಲ್ಟುಗಳನ್ನೂ ಒಂದೊಂದಾಗಿ ತೆಗೆದು ಹಾಗೇ ಮಾಡಿದೆ. ಪಿನ್ನಿನ ಗುಂಗಿನಲ್ಲಿ ಇವನ್ನು ಮರೆಯುವುದುಂಟು, ಇವೂ ಸಡಿಲವಾಗುತ್ತವೆ.

ಕವರ್ ತೆಗೆದ ಮೇಲೆ ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲು ಹೊಸದೇ ಹಾಕಬೇಕು. ನಮ್ಮ ಕೈಗೆ ಸೀಲು ಕಂಡರೆ ಆಯಿಲ್ ಸವರುವ ಅಭ್ಯಾಸ. ಇದಕ್ಕೆ ಕೂಡದು. ಇದರ ತುಟಿ ಟೆಫ್ಲಾನಿನದು, ಒಣಗಿದ್ದ ಹಾಗೇ ಕೂರಬೇಕು, ಕ್ರ್ಯಾಂಕಿನ ಮೂತಿಯಲ್ಲೂ ಎಣ್ಣೆಯ ಪಸೆ ಇರಬಾರದು. ಬಿಳಿ ಬಟ್ಟೆಯಿಂದ ಒರೆಸುತ್ತೇನೆ, ಬಟ್ಟೆ ಬಿಳಿಯಾಗಿಯೇ ಬರುವ ತನಕ. ಇಲ್ಲಿ ಆತುರಪಟ್ಟರೆ ಪಿನ್ ಉಳಿದೀತು, ಆಯಿಲ್ ಸೋರೀತು.

ಡ್ಯಾಂಪರಿನ ನಾಲ್ಕು ಬೋಲ್ಟು 125 ನ್ಯೂಟನ್ ಮೀಟರಿಗೆ ಬಿಗಿದು, ಬೆಲ್ಟು ಏರಿಸಿ ಚಾಲೂ ಮಾಡಿದಾಗ ರಾಯರ ಮನೆಯವರು ಕೋಸಂಬರಿ, ಚಿತ್ರಾನ್ನ ತಂದಿಟ್ಟರು. ಎಂಜಿನ್ ಬಿಸಿಯಾಗುವ ತನಕ ಅಲ್ಲೇ ನಿಂತು ತಿಂದೆವು. ಸೀಲಿನ ಸುತ್ತ ಹನಿ ಇಲ್ಲ. ರಾಯರ ನೆರೆಯವರ ಹತ್ತಿರವೂ 1997ರ ಮಾಡೆಲಿನದೊಂದು ಇದೆಯಂತೆ, ಕುದುರೆ ಟ್ರೇಲರ್ ಎಳೆಯುವುದು. ಸೆಪ್ಟೆಂಬರಿನಲ್ಲಿ ಬರುತ್ತೇನೆ ಎಂದಿದ್ದೇನೆ. ಸೀಲು, ಗ್ಯಾಸ್ಕೆಟ್ಟು ತರಿಸಿಡಲಿ. ಅದಕ್ಕೂ ಮೊದಲು ಎಂಜಿನ್ನಿನ ಮುಂಭಾಗವನ್ನು ಚೆನ್ನಾಗಿ ತೊಳೆದಿಡಲಿ, ಕವರ್ ಬಿಚ್ಚುವಾಗ ಮರಳು ಗೇರಿಗೆ ಬೀಳಬಾರದು.