ಪಟ್ಟಿ ತಿದ್ದುವ ಸುಖ

ಮುಂಬಯಿ ಕಡೆಯ ಕನ್ನಡ ಸಂಘಗಳಲ್ಲಿ ಕೆಲಸ ಹಂಚುವಾಗ ಮೊದಲು ಬಿಕರಿಯಾಗುವುದು ವೇದಿಕೆಯ ಕೆಲಸ. ನಿರೂಪಣೆಗೆ ನಾ ಮುಂದು ತಾ ಮುಂದು ಎನ್ನುವವರಿದ್ದಾರೆ. ಊಟದ ಉಸ್ತುವಾರಿಗೆ ಹೋಟೆಲಿನವರು ಇದ್ದೇ ಇದ್ದಾರೆ. ಊರಿನಿಂದ ಮೇಳ ಕರೆಸುವ ಉತ್ಸಾಹಿಗಳು ಬೇರೆ. ಕೊನೆಗೆ ಯಾರಿಗೂ ಬೇಡವಾಗಿ ಉಳಿಯುವುದು ಸದಸ್ಯರ, ದಾನಿಗಳ ಪಟ್ಟಿ. ಸಭೆಗೆ ತಡವಾಗಿ ಬಂದವರ ತಲೆಗೆ ಅದನ್ನು ಕಟ್ಟುವುದು ವಾಡಿಕೆ. ನಾನು ಮಾತ್ರ ಹೊತ್ತಿಗೆ ಸರಿಯಾಗಿ ಹೋಗಿ, ಕೈಯೆತ್ತಿ, ಕೇಳಿ ಪಡೆದವನು. ಕೆಲವರಿಗೆ ಭಾನುವಾರದ ಮಧ್ಯಾಹ್ನ ಇಸ್ಪೀಟು, ಕೆಲವರಿಗೆ ನಿದ್ದೆ, ನನಗೆ ಪಟ್ಟಿ.

ಪಟ್ಟಿ ಎಂದರೆ ಹೆಸರು, ನಂಬರು ಬರೆದ ಹಾಳೆಯಲ್ಲ. ಡೊಂಬಿವಲಿ, ಕಲ್ಯಾಣ್, ಥಾಣೆ, ನವಿ ಮುಂಬಯಿ ಈ ನಾಲ್ಕರಲ್ಲೂ ಕನ್ನಡ ಸಂಘಗಳಿವೆ. ಡೊಂಬಿವಲಿಯ ಕರ್ನಾಟಕ ಸಂಘವಂತೂ ಮಂಜುನಾಥ ವಿದ್ಯಾಲಯವನ್ನೇ ನಡೆಸುತ್ತದೆ. ಇವುಗಳ ಜೊತೆ ಜಾತಿ ಸಂಘಗಳು, ಭಜನಾ ಮಂಡಳಿಗಳು, ಯಕ್ಷಗಾನ ಮಂಡಳಿಗಳು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ 1902ರ ಸಂಸ್ಥೆಗಳಿಂದ ಹಿಡಿದು ಮೊನ್ನೆ ಮೊನ್ನೆ ಹುಟ್ಟಿದ ಬಳಗಗಳವರೆಗೆ ಎಲ್ಲವೂ ನಿಂತಿರುವುದು ವರ್ಷಕ್ಕೊಮ್ಮೆ ಚೆಕ್ ಬರೆಯುವ, ಸ್ಮರಣ ಸಂಚಿಕೆಗೆ ಕಾಲು ಪುಟದ ಜಾಹೀರಾತು ಕೊಡುವ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಸದ್ದಿಲ್ಲದೆ ಕವರು ತಲುಪಿಸುವ ಜನರ ಮೇಲೆ. ಅವರು ಯಾರು, ಎಲ್ಲಿದ್ದಾರೆ, ಹೇಗೆ ಕರೆದರೆ ಓಗೊಡುತ್ತಾರೆ ಎಂಬುದನ್ನು ನೆನಪಿಡುವ ಕಸುಬು ಇದು.

ನಮ್ಮದು ದೊಡ್ಡ ಬಳಗವಲ್ಲ. ಆದರೂ ಪಟ್ಟಿ ಎಲ್ಲ ಅವತಾರಗಳನ್ನೂ ಎತ್ತಿದೆ. ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕ, ಆಮೇಲೆ ಬರಹ, ನುಡಿ ತಂತ್ರಾಂಶಗಳಲ್ಲಿ ಟೈಪು ಮಾಡಿದ ಕಡತಗಳು, ಆಮೇಲೆ ಎಕ್ಸೆಲ್, ಈಗ ಸಿವಿಸಿಆರ್‌ಎಂ. ಇದು 2005ರಿಂದ ಇರುವ ಮುಕ್ತ ತಂತ್ರಾಂಶ. ಲಾಭಕ್ಕಲ್ಲದ ಸಂಸ್ಥೆಗಳಿಗೆಂದೇ ಕಟ್ಟಿದ್ದು, ಪರವಾನಗಿಗೆ ದುಡ್ಡು ಕೊಡಬೇಕಿಲ್ಲ. ಇದರಲ್ಲಿ ನನಗೆ ಮೊದಲು ಹಿಡಿಸಿದ್ದು ಒಂದು ಸಣ್ಣ ವಿವೇಕ: ವ್ಯಕ್ತಿ, ಮನೆ, ಸಂಸ್ಥೆ ಎಂದು ದಾಖಲೆಗಳು ಮೂರು ಬಗೆ. ಹಿರಿಯರು ವ್ಯಕ್ತಿ, ಅವರ ಪತ್ನಿ, ಮಗ, ಸೊಸೆ ಸೇರಿ ಮನೆ, ಅವರ ಹೋಟೆಲು ಸಂಸ್ಥೆ. ಜಾಹೀರಾತು ಹೋಟೆಲಿನ ಹೆಸರಿಗೆ, ಆಮಂತ್ರಣ ಮನೆಗೆ, ಧನ್ಯವಾದ ಹಿರಿಯರಿಗೆ. ಎಕ್ಸೆಲ್‌ನಲ್ಲಿ ಇದೆಲ್ಲ ಒಂದೇ ಸಾಲಿನಲ್ಲಿ ಉಸಿರುಗಟ್ಟಿ ಕೂತಿತ್ತು.

ಈ ಕೆಲಸದ ನಿಜವಾದ ರುಚಿ ಜೋಡಿ ದಾಖಲೆಗಳನ್ನು ಹುಡುಕಿ ಒಂದುಗೂಡಿಸುವುದರಲ್ಲಿದೆ. ಹೆಸರು ಹೊಂದಿದರೆ ಇಷ್ಟು ಅಂಕ, ಕುಲನಾಮಕ್ಕೆ ಇಷ್ಟು, ಮಿಂಚಂಚೆಗೆ ಇಷ್ಟು ಎಂದು ಮೊದಲೇ ಹೇಳಿಟ್ಟರೆ, ನಿಗದಿತ ಅಂಕ ದಾಟಿದ ದಾಖಲೆಗಳನ್ನು ಯಂತ್ರ ಎದುರುಬದುರು ಕೂರಿಸುತ್ತದೆ. ನಮ್ಮ ಜನರ ಹೆಸರಿನ ಮುಂದೆ ಮಾತ್ರ ಈ ಗಣಿತ ಬೆವರುತ್ತದೆ. ಊರಿನಲ್ಲಿ ಇನಿಷಿಯಲ್ ಮುಂದೆ: ಕೆ. ರಮೇಶ ಶೆಟ್ಟಿ. ಮಹಾರಾಷ್ಟ್ರದ ಕಾಗದಪತ್ರದಲ್ಲಿ ಕುಲನಾಮ ಮೊದಲು, ಕೊನೆಗೆ ತಂದೆಯ ಹೆಸರು: ಶೆಟ್ಟಿ ರಮೇಶ ಕೃಷ್ಣ. ಅಳಿಯಸಂತಾನದ ಮನೆಯವರಾದರೆ ಊರಲ್ಲಿ ಗುರುತು ತಾಯಿಯ ಕಡೆಯ ಮನೆಯಿಂದ. ಇಲ್ಲಿನ ರೇಷನ್ ಕಾರ್ಡು ತಂದೆಯ ಹೆಸರನ್ನು ತಂದು ಕೂರಿಸಿದೆ. ಧಾರವಾಡದ ಕಡೆಯವರಿಗೆ ಊರಿನ ಹೆಸರೇ ಅಡ್ಡಹೆಸರು. ಮೈಸೂರು ಕಡೆಯವರಿಗೆ ಕುಲನಾಮವೇ ಇರುವುದಿಲ್ಲ. ಅರ್ಜಿಯ ಆ ಖಾನೆಗೆ ಏನಾದರೂ ತುಂಬಲೇಬೇಕೆಂದು ಇನಿಷಿಯಲ್ ತುರುಕಿರುತ್ತಾರೆ. ಇಂಗ್ಲಿಷಿನಲ್ಲಿ ಪೂಜಾರಿಯೊಬ್ಬರು ಮೂರು ಕಾಗುಣಿತಗಳಲ್ಲಿ ಮೂವರಾಗಿ ನಿಂತಿರುತ್ತಾರೆ. ಕನ್ನಡದಲ್ಲಿ ಬರೆದ ಕೂಡಲೇ ಮೂವರೂ ಒಬ್ಬರೇ.

ಹಾಗೆಂದು ಕನ್ನಡ ಲಿಪಿಗೆ ಪೂರ್ತಿ ಶರಣಾಗುವಂತಿಲ್ಲ. ಹಳೆಯ ನುಡಿ ಕಡತವನ್ನು ಯುನಿಕೋಡ್‌ಗೆ ತಂದಾಗ ಒತ್ತಕ್ಷರಗಳು ಅಲ್ಲಲ್ಲಿ ಸೊಟ್ಟಗಾಗುತ್ತವೆ. ಅದಕ್ಕಿಂತ ಸೂಕ್ಷ್ಮ ಇನ್ನೊಂದಿದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರದ ಒತ್ತು ಬೀಳದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತೇವೆ. ಒಬ್ಬರು ಆ ಚಿಹ್ನೆ ಹಾಕಿ, ಇನ್ನೊಬ್ಬರು ನಡುವೆ ಜಾಗ ಬಿಟ್ಟು ಟೈಪು ಮಾಡಿದ್ದರೆ ಓದುವವರಿಗೆ ಒಂದೇ ಹೆಸರು, ಯಂತ್ರಕ್ಕೆ ಎರಡು. ಹೆಸರಿನ ಕೊನೆಯಲ್ಲಿ ಅಂಥದ್ದೇ ಒಂದು ಚಿಹ್ನೆ ಸುಮ್ಮನೆ ಅಂಟಿಕೊಂಡಿದ್ದರಂತೂ ಕಣ್ಣಿಗೆ ಯಾವ ಸುಳಿವೂ ಇಲ್ಲ. ಅಂಥ ಜೋಡಿಯೊಂದು ಸಿಕ್ಕು, ಎಡಗಡೆಯ ದಾಖಲೆಯಿಂದ ಮೊಬೈಲ್ ನಂಬರು, ಬಲಗಡೆಯದರಿಂದ ಹಳೆಯ ಕೊಡುಗೆಗಳು, ಇನ್ನೆಲ್ಲಿಂದಲೋ ಮದುವೆಯ ವಾರ್ಷಿಕೋತ್ಸವ ಎಲ್ಲವನ್ನೂ ಒಂದೇ ಕಡೆ ಸೇರಿಸಿ ‘ವಿಲೀನ’ ಒತ್ತುವಾಗ ಆಗುವ ಸಮಾಧಾನ, ಸೋಸಿದ ಅಕ್ಕಿಯಿಂದ ಕೊನೆಯ ಕಲ್ಲು ತೆಗೆದಿಟ್ಟವರಿಗೆ ಗೊತ್ತು. ಆದರೂ ಒತ್ತುವ ಮುಂಚೆ ಒಂದು ಫೋನ್ ಮಾಡುವುದು ಒಳ್ಳೆಯದು. ಒಂದೇ ಹೆಸರು, ಒಂದೇ ನಂಬರು, ಒಂದೇ ವಿಳಾಸ ಇದ್ದೂ ಅವರು ಅಜ್ಜ ಮತ್ತು ಅಜ್ಜನ ಹೆಸರಿಟ್ಟುಕೊಂಡ ಮೊಮ್ಮಗ ಆಗಿರಬಹುದು.

ವಿಳಾಸಗಳದು ಬೇರೆಯೇ ಲೋಕ. ನವಿ ಮುಂಬಯಿ 1970ರಲ್ಲಿ ಹುಟ್ಟಿದ ಸಿಡ್ಕೋ ಎಂಬ ನಗರ ನಿರ್ಮಾಣ ಸಂಸ್ಥೆ ಗೆರೆ ಎಳೆದು ಕಟ್ಟಿದ ಊರು. ಅಲ್ಲಿನ ವಿಳಾಸವೆಂದರೆ ನೋಡ್, ಸೆಕ್ಟರ್, ಪ್ಲಾಟು, ಮುಗಿಯಿತು. ಡೊಂಬಿವಲಿಯ ವಿಳಾಸ ಹಾಗಲ್ಲ, ಅದೊಂದು ಕಥನ: ತಿಲಕ ನಗರ, ಇಂಥ ಶಾಲೆಯ ಹಿಂದೆ, ಹಳೆಯ ಹಿಟ್ಟಿನ ಗಿರಣಿಯ ಎದುರು. ಗಿರಣಿ ಮುಚ್ಚಿ ಎಷ್ಟೋ ಕಾಲವಾದರೂ ವಿಳಾಸದಲ್ಲಿ ಹಿಟ್ಟು ಬೀಸುತ್ತಲೇ ಇರುತ್ತದೆ. ಈಗ ಎಲ್ಲ ಕಡೆ ಪುನರ್ನಿರ್ಮಾಣದ ಗದ್ದಲ. ಮೂರು ಮಾಳಿಗೆಯ ಸೊಸೈಟಿಯನ್ನು ಕೆಡವಿ ಟವರ್ ಏಳಿಸುವಾಗ ಇಡೀ ಕಟ್ಟಡದ ಜನ ಬಾಡಿಗೆ ಮನೆಗಳಿಗೆ ಚೆದುರುತ್ತಾರೆ, ಕೆಲವು ವರ್ಷದ ಮೇಲೆ ಅದೇ ಜಾಗಕ್ಕೆ, ಬೇರೆ ಮಾಳಿಗೆಗೆ ಮರಳುತ್ತಾರೆ. ಹಾಗಾಗಿ ನಾನು ಹಳೆಯ ವಿಳಾಸ ಅಳಿಸುವುದಿಲ್ಲ. ‘ತಾತ್ಕಾಲಿಕ’ ಎಂದು ಇನ್ನೊಂದನ್ನು ಪಕ್ಕಕ್ಕೆ ಸೇರಿಸುತ್ತೇನೆ. ಹಾಗೂ ತಪ್ಪಿಸಿಕೊಂಡವರ ಲಕೋಟೆ ಮರಳಿ ಬರುತ್ತದೆ, ಮೇಲೆ ಅಂಚೆಯಣ್ಣನ ಮರಾಠಿ ಷರಾ: ‘ಪತ್ತ್ಯಾವರ್ ರಾಹತ್ ನಾಹೀ’, ಈ ವಿಳಾಸದಲ್ಲಿ ವಾಸವಿಲ್ಲ. ನನಗೆ ಅದು ನಷ್ಟವಲ್ಲ, ಸುದ್ದಿ. ಅದೇ ಸಂಜೆ ಪಕ್ಕದ ಮನೆಯವರಿಗೆ ಫೋನ್.

ಪಿನ್‌ಕೋಡ್ ಖಾನೆಯನ್ನು ನಾನು ಬಿಡುವಿದ್ದಾಗ ಸುಮ್ಮನೆ ಓದುತ್ತೇನೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿಯೂ ಹೌದು. ಅಂಕಿಯಲ್ಲೂ ಕಥೆಯಿರಬಹುದೆಂದು ಅವರಿಗೆ ಅನ್ನಿಸಿತ್ತೋ ಏನೋ. ಥಾಣೆ ದಾಟಿ ಡೊಂಬಿವಲಿ ಬರುವಷ್ಟರಲ್ಲಿ 400 ಮುಗಿದು 421 ಶುರುವಾಗುತ್ತದೆ. ನಗರದ 400ರಲ್ಲಿ ಹೋಟೆಲು, ಬ್ಯಾಂಕು, ಮಿಲ್ಲು ಎಂದು ದುಡಿದವರು ಸ್ವಂತ ಸೂರಿಗಾಗಿ 421ಕ್ಕೆ ಬಂದರು. 2004ರಲ್ಲಿ ಥಾಣೆಯಿಂದ ವಾಶಿಗೆ ನೇರ ಲೋಕಲ್ ಓಡತೊಡಗಿದ ಮೇಲೆ ಐರೋಲಿ, ಘಣಸೋಲಿ ಹತ್ತಿರವಾದವು. ಎರಡನೆಯ ತಲೆಮಾರು ಮರಳಿ 400ಕ್ಕೆ, ಆದರೆ ಖಾಡಿಯ ಈಚೆಗೆ. ಮಕ್ಕಳು 411ರ ಪುಣೆಗೋ 560ರ ಬೆಂಗಳೂರಿಗೋ ಹಾರುತ್ತಾರೆ. 421 ಹೋಗಿ 576 ಬಂತೆಂದರೆ ಯಜಮಾನರು ನಿವೃತ್ತರಾಗಿ ಉಡುಪಿ ಸೇರಿದರೆಂದು ತಿಳಿಯಬೇಕು. ಅಂಥವರನ್ನು ಪಟ್ಟಿಯಿಂದ ಬಿಡುವ ಪ್ರಶ್ನೆಯೇ ಇಲ್ಲ. ಊರಲ್ಲಿ ಕೂತು ಡೊಂಬಿವಲಿಯನ್ನು ನೆನೆಯುವವರ ಕೈ ಡೊಂಬಿವಲಿಯಲ್ಲಿ ಕೂತು ಊರನ್ನು ನೆನೆಯುವವರದಕ್ಕಿಂತ ಸಡಿಲ.

ಕೊಟ್ಟದ್ದನ್ನು ದಾಖಲಿಸುವುದು ಈ ಸೀಮೆಗೆ ಹೊಸತೇನಲ್ಲ. ಥಾಣೆಗೆ ಒತ್ತಿಕೊಂಡಿರುವ ಕಾಡಿನ ಆಚೆ ಮಗ್ಗುಲಲ್ಲಿ, ಕಾನ್ಹೇರಿ ಗುಹೆಗಳಲ್ಲಿ, ನಮ್ಮ ಅಮೋಘವರ್ಷನ ಕಾಲದ, ಅವನ ಸಾಮಂತರಾದ ಶಿಲಾಹಾರರ 9ನೇ ಶತಮಾನದ ಶಾಸನಗಳಿವೆ. ಅದರಲ್ಲೊಂದು, ಮಂತ್ರಿಯೊಬ್ಬ ಕೊಟ್ಟ ದ್ರಮ್ಮಗಳನ್ನು ಬುದ್ಧನ ಪೂಜೆಗೆ, ವಿಹಾರದ ರಿಪೇರಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ ಎಂದು ವಿಂಗಡಿಸಿ ಹೇಳುತ್ತದೆ. ನಾನು ‘ವಿದ್ಯಾರ್ಥಿವೇತನ’, ‘ರಾಜ್ಯೋತ್ಸವ’, ‘ಕಟ್ಟಡ ನಿಧಿ’ ಎಂದು ಖಾನೆ ಆರಿಸುವುದೂ ಅದೇ ಕೆಲಸ. ಅವರು ಕಲ್ಲಿನಲ್ಲಿ ಕೊರೆದರು, ಆಮೇಲೆ ತಿದ್ದುವ ಹಾಗಿರಲಿಲ್ಲ. ನನಗೆ ತಿದ್ದುವುದರಲ್ಲೇ ಸುಖ.

ರಸೀದಿಯ ಕಡೆ ಕಾನೂನು ಕಟ್ಟುನಿಟ್ಟು. ಆದಾಯ ತೆರಿಗೆಯ ರಿಯಾಯಿತಿ ಬೇಕಾದರೆ 2,000 ರೂಪಾಯಿ ಮೀರಿದ ನಗದು ಕೊಡುಗೆ ನಡೆಯದು. 2021-22ರ ಸಾಲಿನಿಂದ ದಾನಿಗಳ ಹೆಸರು, ಪ್ಯಾನ್, ವಿಳಾಸ, ಮೊತ್ತ ಎಲ್ಲವನ್ನೂ ಫಾರ್ಮ್ 10ಬಿಡಿಯಲ್ಲಿ ತುಂಬಿ ಮೇ 31ರೊಳಗೆ ಸಲ್ಲಿಸಿ, ಅವರಿಗೆ 10ಬಿಇ ಪ್ರಮಾಣಪತ್ರ ಕೊಡುವ ಪದ್ಧತಿ ಬಂತು. ಪ್ಯಾನಿನ ಒಂದಕ್ಷರ ಆಚೀಚೆಯಾದರೆ ದಾನಿಗೆ ಲಾಭವಿಲ್ಲ, ನಮಗೆ ಮರ್ಯಾದೆಯಿಲ್ಲ. ಮಗ ಅಮೆರಿಕದಲ್ಲಿದ್ದಾನೆ, ಅವನಿಂದಲೂ ಕೊಡಿಸುತ್ತೇನೆ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಮೊದಲು ಕೇಳುವುದು ಪಾಸ್‌ಪೋರ್ಟ್ ಯಾವ ದೇಶದ್ದೆಂದು. ಭಾರತದ್ದಾದರೆ ಬ್ಯಾಂಕಿನ ಮೂಲಕ ಬರಲಿ. ಅಲ್ಲಿನ ಪ್ರಜೆಯಾಗಿದ್ದರೆ ಅದು ವಿದೇಶಿ ದೇಣಿಗೆ, 2010ರ ಕಾಯ್ದೆಯ ನೋಂದಣಿ ಇಲ್ಲದ ನಮ್ಮಂಥವರು ಕೈಮುಗಿದು ಬೇಡವೆನ್ನಬೇಕು. ಇನ್ನು ಯುಪಿಐ ಬಂದ ಮೇಲೆ ಪತ್ತೇದಾರಿಕೆಯೂ ಸೇರಿಕೊಂಡಿದೆ. ಖಾತೆಗೆ 1,001 ರೂಪಾಯಿ ಬಂದಿರುತ್ತದೆ, ಹೆಸರಿನ ಜಾಗದಲ್ಲಿ ಯಾವುದೋ ಜ್ಯೂಸ್ ಸೆಂಟರ್. ಕೊನೆಯ ಆ ಒಂದು ರೂಪಾಯಿಯೇ ಸುಳಿವು: ಇದು ವ್ಯಾಪಾರದ ಲೆಕ್ಕವಲ್ಲ, ಶುಭದ್ದು. ಕಳೆದ ರಾಜ್ಯೋತ್ಸವದ ಆಸುಪಾಸು ಇಷ್ಟೇ ಕೊಟ್ಟವರು ಯಾರೆಂದು ಹುಡುಕಿದರೆ ಜ್ಯೂಸಿನ ಹಿಂದಿನ ಮನುಷ್ಯ ಸಿಗುತ್ತಾರೆ.

ಪತ್ರ ಕಳಿಸುವ ಕಲೆಗೆ ಈಗ ಬರೋಣ. ತಂತ್ರಾಂಶ ತಾನೇ ಗುಂಪು ಕಟ್ಟುತ್ತದೆ. ಹೋದ ವರ್ಷ ಕೊಟ್ಟು ಈ ವರ್ಷ ಇನ್ನೂ ಕೊಡದವರ ವರದಿಗೆ ಈ ಕಸುಬಿನವರು ಲೈಬಂಟ್ ಎನ್ನುತ್ತಾರೆ. ನಮ್ಮ ಸಮಿತಿಯಲ್ಲಿ ಆ ಮಾತು ಮೊದಲ ಸಲ ಕೇಳಿದಾಗ, ಇದು ಬಂಟರ ಯಾವ ಶಾಖೆ ಎಂದು ವಿಚಾರಿಸಿದವರುಂಟು. ಆ ಪಟ್ಟಿ ಕೈಗೆ ಬಂದ ಕೂಡಲೇ ಬೇಡಿಕೆಯ ಪತ್ರ ಹೊರಡಿಸುವುದು ಅವಸರದವರ ರೀತಿ. ನಾನು ಮೊದಲು ನೋಡುವುದು ಹೋದ ವರ್ಷ ಅವರಿಗೆ ಧನ್ಯವಾದ ತಲುಪಿತ್ತೇ ಎಂದು. ಅರ್ಧ ಜನರ ಮೌನಕ್ಕೆ ಕಾರಣ ಅಲ್ಲೇ ಇರುತ್ತದೆ. ದುಡ್ಡು ಕೇಳಿದ್ದಕ್ಕೆ ನಮ್ಮವರು ಮುನಿಯುವುದಿಲ್ಲ. ಮುಂಬಯಿಯಲ್ಲಿ ಬದುಕಿದವರಿಗೆ ವಂತಿಗೆ ಹೊಸದಲ್ಲ. ಕೊಟ್ಟದ್ದು ನೆನಪಿಲ್ಲದವರ ಹಾಗೆ ಕೇಳಿದ್ದಕ್ಕೆ, ಹೆಸರು ಕೆಡಿಸಿ ಕೇಳಿದ್ದಕ್ಕೆ ಮುನಿಯುತ್ತಾರೆ. ನಾನು ಪಟ್ಟಿಯಿಂದ ಕಲಿತ ಅರ್ಥಶಾಸ್ತ್ರ ಇಷ್ಟೇ.

ಸಂಬೋಧನೆಗೆಂದೇ ಒಂದು ಖಾನೆ ಇಟ್ಟಿದ್ದೇನೆ. ಹಿರಿಯರಿಗೆ ‘ಮಾನ್ಯರೇ’, ಜೊತೆಗಾರರಿಗೆ ‘ಪ್ರಿಯ’ ಮತ್ತು ಬರಿಯ ಹೆಸರು, ಊರಿಗೆಲ್ಲ ಟೀಚರ್ ಆಗಿದ್ದವರಿಗೆ ನಿವೃತ್ತಿಯಾದ ಮೇಲೂ ‘ಟೀಚರ್’. ಅದರ ಪಕ್ಕದಲ್ಲಿ ಭಾಷೆಯ ಖಾನೆ. ಮನೆಯಲ್ಲಿ ತುಳುವೋ ಕನ್ನಡವೋ ಆಡುವ ಮಕ್ಕಳು ಓದುವುದು ಇಂಗ್ಲಿಷ್, ಮರಾಠಿ. ಅಪ್ಪನಿಗೆ ಕನ್ನಡದಲ್ಲಿ ಹೋದ ಪತ್ರವೇ ಮಗಳಿಗೆ ಇಂಗ್ಲಿಷಿನಲ್ಲಿ ಹೋಗುತ್ತದೆ. ಕೆಳಗೆ ಎರಡು ಸಾಲು ದಪ್ಪಕ್ಷರದ ಕನ್ನಡ, ಅಪ್ಪನಿಂದ ಓದಿಸಿಕೊಳ್ಳಲಿ ಎಂದು. ಹೊತ್ತಿನ ವಿಚಾರವೂ ಇದೆ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ನಿಂತವರಿಗೆ ಫೋನ್ ತೆಗೆಯಲು ಮೊಣಕೈ ಮಡಚುವ ಜಾಗವಿರುವುದಿಲ್ಲ. ಭಾನುವಾರ ಸೆಂಟ್ರಲ್ ರೈಲ್ವೆಯ ಹಳಿ ದುರಸ್ತಿಯ ಮೆಗಾಬ್ಲಾಕ್ ಇದ್ದ ದಿನ, ಹನ್ನೊಂದರ ಹೊತ್ತಿಗೆ, ಎಲ್ಲಿಗೂ ಹೊರಡಲಾಗದೆ ಮನೆಯಲ್ಲಿ ಕೂತವರು ಪತ್ರವನ್ನು ಕೊನೆಯ ಸಾಲಿನವರೆಗೂ ಓದುತ್ತಾರೆ. ಕಾರ್ಯಕ್ರಮವನ್ನು ಮಾತ್ರ ಅಂಥ ದಿನ ಇಡಬಾರದು.

‘ಫೋನ್ ಬೇಡ’, ‘ಪತ್ರ ಬೇಡ’ ಎಂಬ ಸಣ್ಣ ಚೌಕಗಳು ನನಗೆ ಪವಿತ್ರ. ಅಲ್ಲಿ ಗುರುತು ಹಾಕಿದ ಮೇಲೆ ಅಧ್ಯಕ್ಷರು ಹೇಳಿದರೂ ತೆಗೆಯುವುದಿಲ್ಲ. ತೀರಿಕೊಂಡವರ ದಾಖಲೆ ಅಳಿಸುವುದಿಲ್ಲ. ಗುರುತು ಹಾಕಿದರೆ ಅವರ ಹೆಸರಿಗೆ ಪತ್ರ ಹೋಗುವುದು ನಿಲ್ಲುತ್ತದೆ, ಅವರು ಕೊಟ್ಟದ್ದು ಉಳಿಯುತ್ತದೆ, ಮನೆಯ ನಂಟೂ ಉಳಿಯುತ್ತದೆ. ಚುನಾವಣೆ ಹತ್ತಿರ ಬಂದಾಗ, ಹೊಸ ಟವರಿನ ಬುಕಿಂಗ್ ಶುರುವಾದಾಗ ‘ಆ ನಂಬರುಗಳನ್ನು ಒಮ್ಮೆ ಕಳಿಸಿ ಮಾರಾಯ್ರೇ’ ಎನ್ನುವ ಆತ್ಮೀಯರು ಹೆಚ್ಚುತ್ತಾರೆ. ಅವರಿಗೆ 2023ರ ದತ್ತಾಂಶ ರಕ್ಷಣೆ ಕಾಯ್ದೆಯ ಹೆಸರು ಹೇಳುತ್ತೇನೆ. ಕಾಯ್ದೆ ಇಲ್ಲದ ಕಾಲದಲ್ಲಿ ಕಂಪ್ಯೂಟರ್ ಕೆಟ್ಟಿದೆ ಎನ್ನುತ್ತಿದ್ದೆ.

ನಿಮ್ಮ ನಂತರ ಇದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಸಮಿತಿಯಲ್ಲಿ ಆಗಾಗ ಕೇಳುತ್ತಾರೆ. ಕಂಪ್ಯೂಟರ್ ಗೊತ್ತಿರುವ ಹುಡುಗರನ್ನು ತೋರಿಸುತ್ತಾರೆ. ಕಂಪ್ಯೂಟರನ್ನು ಯಾರಿಗೂ ಕಲಿಸಬಹುದು. ಬೇಕಾದ್ದು ಎರಡು ಗುಣ: ಯಾರ ಮಗಳ ಮದುವೆ ಎಲ್ಲಿ ನಿಶ್ಚಯವಾಯಿತು, ಯಾರು ಕಲ್ಯಾಣ್ ಬಿಟ್ಟು ನೆರೂಲಿಗೆ ಹೋದರು ಎಂದು ತಿಳಿಯುವ ಚಪಲ, ತಿಳಿದದ್ದನ್ನು ಪಟ್ಟಿಗಲ್ಲದೆ ಬೇರಾರಿಗೂ ಹೇಳದ ಬಾಯಿಬಿಗಿ. ಮೊದಲನೆಯದಕ್ಕೆ ನಮ್ಮಲ್ಲಿ ಬರವಿಲ್ಲ. ಎರಡೂ ಇರುವವರೊಬ್ಬರು ಸಿಕ್ಕರೆ ಪಾಸ್‌ವರ್ಡ್ ಸಮೇತ ಒಪ್ಪಿಸಲು ಸಿದ್ಧನಿದ್ದೇನೆ. ಷರತ್ತು ಒಂದೇ: ಜೋಡಿ ದಾಖಲೆ ಹುಡುಕುವ ಕೆಲಸ ನನಗೇ ಬಿಡಬೇಕು.